ಹಳೇ ಕಾರು ಬಿಸಿ ಆಗ್ತಾ ಉಂಟಾ? ನೀರು ಎಲ್ಲಿ ಹೋಗ್ತಾ ಉಂಟು ಅಂತ ಮೊದ್ಲು ಹುಡ್ಕಿ

ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಮಂಗ್ಳೂರಿನ ನಂತೂರು, ಪಂಪ್‌ವೆಲ್ ಹತ್ರ ಬ್ಲಾಕ್ ಆದಾಗ ಒಂದಾದ್ರೂ ಹಳೇ ಮಾರುತಿನೋ ಸ್ಯಾಂಟ್ರೋನೋ ಬಾನೆಟ್ ಎತ್ತಿ ಸೈಡಲ್ಲಿ ನಿಂತಿರುದು ಕಾಣ್ತದೆ. ಹೆಚ್ಚಿನವರು ಮಾಡುದು ಒಂದೇ, ಸ್ವಲ್ಪ ತಣಿಯುವವರೆಗೆ ಕಾದು ನೀರು ಹೊಯ್ದು ಹೊರಡುದು, ನಾಳೆ ಮತ್ತೆ ಅದೇ ಕತೆ, ಡಿಕ್ಕಿಯಲ್ಲಿ ಎರಡು ಬಾಟ್ಲಿ ನೀರು ಪರ್ಮನೆಂಟ್. ದಯವಿಟ್ಟು ಹೀಗೆ ಓಡಿಸ್ಬೇಡಿ ಮಾರಾಯ್ರೆ. ಕೂಲೆಂಟ್, ಅಂದ್ರೆ ಇಂಜಿನ್ ತಣಿಸ್ಲಿಕ್ಕೆ ಹಾಕುವ ದ್ರವ (ನಾವು ನೀರು ಅನ್ನುದು ಇದನ್ನೇ), ಪೆಟ್ರೋಲ್ ಹಾಗೆ ಓಡಿದಷ್ಟೂ ಖರ್ಚಾಗುವ ವಸ್ತು ಅಲ್ಲ, ಅದು ಮುಚ್ಚಿದ ಸಿಸ್ಟಮ್ ಒಳಗೇ ಸುತ್ತುದು. ವಾರ ವಾರ ಲೆವೆಲ್ ಕಮ್ಮಿ ಆಗ್ತಾ ಉಂಟು ಅಂದ್ರೆ ಅದು ಎಲ್ಲಿಗೋ ಹೋಗ್ತಾ ಉಂಟು, ಒಂದಾ ಹೊರಗೆ ಸೋರ್ತಾ ಉಂಟು, ಇಲ್ಲ ರೇಡಿಯೇಟರ್ ಕ್ಯಾಪಿಂದ ಉಕ್ಕಿ ಹೋಗ್ತಾ ಉಂಟು, ಇಲ್ಲದಿದ್ರೆ ಇಂಜಿನ್ ಒಳಗೇ ಹೋಗ್ತಾ ಉಂಟು. ಈ ಮೂರರಲ್ಲಿ ಯಾವುದು ಅಂತ ಮನೆ ಅಂಗಳದಲ್ಲೇ ಹೆಚ್ಚುಕಮ್ಮಿ ಕಂಡುಹಿಡಿಬಹುದು. ಗ್ಯಾರೇಜಿಗೆ ಹೋಗಿ "ಸಾರ್ ಬಿಸಿ ಆಗ್ತದೆ" ಅಂದ್ರೆ ಒಂದು ರೇಟು, "ವಾಟರ್ ಪಂಪಿಂದ ಲೀಕ್ ಉಂಟು" ಅಂದ್ರೆ ಬೇರೆ ರೇಟು, ಅಷ್ಟು ವ್ಯತ್ಯಾಸ ಉಂಟು.

ಎಲ್ಲದಕ್ಕಿಂತ ಮೊದ್ಲು ಒಂದು ವಿಷಯ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಹೆಚ್ಚಿನ ಹಳೇ ಚಿಕ್ಕ ಕಾರುಗಳ ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಬರ್ದಿರ್ತದೆ, ಅಂದ್ರೆ ಹೊರಗಿನ ಗಾಳಿಗಿಂತ ಅಷ್ಟು ಬಾರ್ (ಪ್ರೆಶರ್ ಅಳೆಯುವ ಲೆಕ್ಕ) ಜಾಸ್ತಿ ಪ್ರೆಶರ್ ಒಳಗೆ ಹಿಡ್ದಿಡ್ತದೆ ಅಂತ ಅರ್ಥ. 0.9 ಪ್ರೆಶರಲ್ಲಿ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯುದಿಲ್ಲ, 118ರ ಹತ್ರ ಹೋಗ್ಬೇಕು. ಈಗ ಒಳಗೆ 110 ಡಿಗ್ರಿ ಇರುವಾಗ ನೀವು ಕ್ಯಾಪ್ ತೆಗೆದ್ರೆ ಪ್ರೆಶರ್ ಒಮ್ಮೆಲೇ ಹೋಗಿ ಅಷ್ಟೂ ನೀರು ಅಲ್ಲಿಂದಲ್ಲಿಗೇ ಕುದ್ದು ಮುಖಕ್ಕೆ ಹಾರ್ತದೆ. ಬಟ್ಟೆ ಹಾಕಿ ಮೆಲ್ಲ ತಿರುಗಿಸಿದ್ರೆ ಆಗ್ತದೆ ಅಂತ ಹೇಳುವವರ ಮಾತು ಕೇಳ್ಬೇಡಿ. ರೇಡಿಯೇಟರಿಂದ ಇಂಜಿನಿಗೆ ಹೋಗುವ ಮೇಲಿನ ದಪ್ಪ ಹೋಸ್ ಪೈಪನ್ನು ಮುಟ್ಟಿ ನೋಡಿ, ತಣ್ಣಗಾಗಿ ಕೈಯಲ್ಲಿ ಹಿಂಡಿದ್ರೆ ಮೆತ್ತಗೆ ಒಳಗೆ ಹೋಗ್ಬೇಕು, ಆಮೇಲೆ ಮಾತ್ರ ಕ್ಯಾಪ್. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದ್ಲು ಚೆಕ್ ಮಾಡುದು ಎಲ್ಲದಕ್ಕಿಂತ ಒಳ್ಳೇದು.

ಮತ್ತೆ ಕಾರಿನ ಅಡಿಯಲ್ಲಿ ನೀರು ಕಂಡ ಕೂಡ್ಲೇ ಹೆದರ್ಲಿಕ್ಕಿಲ್ಲ. ನಮ್ಮ ಕರಾವಳಿ ಗಾಳಿಯಲ್ಲಿ ಪಸೆ ಎಷ್ಟು ಉಂಟು ಅಂದ್ರೆ ಎಸಿ ಹಾಕಿ ಉಡುಪಿಯಿಂದ ಮಂಗ್ಳೂರಿಗೆ ಬಂದು ನಿಲ್ಸಿದ್ರೆ ಎಡಬದಿ ಡ್ಯಾಶ್‌ಬೋರ್ಡ್ ಕೆಳಗಿಂದ ಸಣ್ಣ ಹಳ್ಳ ಹರ್ದಷ್ಟು ನೀರು ಬೀಳ್ತದೆ, ಅದು ಎಸಿ ನೀರು, ಬಣ್ಣ ಇಲ್ಲ ವಾಸನೆ ಇಲ್ಲ. ಕೂಲೆಂಟ್ ಆದ್ರೆ ಹಸಿರೋ ಕೆಂಪೋ ನೀಲಿಯೋ ಇರ್ತದೆ, ಬೆರಳಿಗೆ ಮುಟ್ಟಿ ಉಜ್ಜಿದ್ರೆ ಜಾರ್ತದೆ, ಸಿಹಿ ತರದ ವಾಸನೆ. ರುಚಿ ನೋಡುದು ಮಾತ್ರ ಬೇಡ, ಕೂಲೆಂಟಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ ಬೆಕ್ಕು ಆ ಸಿಹಿಗೆ ನೆಕ್ತವೆ, ಸ್ವಲ್ಪ ಹೋದ್ರೂ ಅವುಗಳ ಕಿಡ್ನಿ ಹಾಳಾಗಿ ಸಾಯ್ತವೆ, ಹಾಗಾಗಿ ಬಿದ್ದದ್ದನ್ನು ಕೂಡ್ಲೇ ತೊಳೀರಿ. ಬರೀ ನೀರು ಹೊಯ್ದು ಹೊಯ್ದು ಬಣ್ಣವೇ ಹೋಗಿದ್ರೆ ಬೇರೆ ವಿಷಯ, ಆಗ ತುಕ್ಕಿನ ಚಾ ಬಣ್ಣ ಇರ್ತದೆ.

ಈಗ ಹುಡುಕುವ ಕೆಲಸ. ಹಳೇ ಗಾಡಿಯ ಬಾನೆಟ್ ಒಳಗೆ ಎಣ್ಣೆ, ಧೂಳು, ಕೆಂಪು ಮಣ್ಣು ಎಲ್ಲ ಕೂತು ಯಾವುದು ಹಳೇ ಕಲೆ ಯಾವುದು ಹೊಸದು ಅಂತ ಗೊತ್ತೇ ಆಗುದಿಲ್ಲ, ಹಾಗಾಗಿ ತಣ್ಣಗಿರುವಾಗ ಒದ್ದೆ ಬಟ್ಟೆ ಮತ್ತು ಹಳೇ ಬ್ರಶ್ಶಲ್ಲಿ ರೇಡಿಯೇಟರ್ ಸುತ್ತ, ಪೈಪ್ ಜಾಯಿಂಟ್, ವಾಟರ್ ಪಂಪ್ ಹತ್ರ ಉಜ್ಜಿ ಒರಸಿ ಒಣಗಿಸಿ. ರೇಡಿಯೇಟರ್ ಕುತ್ತಿಗೆವರೆಗೆ ತುಂಬಿಸಿ, ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲೆವೆಲ್ ಎಲ್ಲಿಗುಂಟೋ ಅಲ್ಲಿ ಮಾರ್ಕರಲ್ಲಿ ಗೆರೆ ಎಳೀರಿ. ಅಡಿಗೆ ದೊಡ್ಡ ರಟ್ಟು ಹಾಸಿ, ಟಿವಿ ಫ್ರಿಜ್ ಬಂದ ಬಾಕ್ಸ್ ಇದ್ರೆ ಒಳ್ಳೇದು, ಅದರಲ್ಲಿ ಚಕ್ರ ಎಲ್ಲಿತ್ತು ಅಂತ ಗುರ್ತು ಮಾಡಿ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಮಳೆಗಾಲದಲ್ಲಿ ಇದು ಶೆಡ್ ಒಳಗೆ ಮಾತ್ರ ಆಗುವ ಕೆಲಸ, ಹೊರಗೆ ಜೂನ್ ಜುಲೈಲಿ ಎಲ್ಲ ಒದ್ದೆಯೇ, ಅಲ್ಲಿ ಲೀಕ್ ಹುಡುಕುದು ವ್ಯರ್ಥ.

ರಟ್ಟಿನ ಮೇಲೆ ಕಲೆ ಎಲ್ಲಿ ಬಿದ್ದಿದೆಯೋ ಅದರ ಸರಿ ಮೇಲೆಯೇ ಲೀಕ್ ಇರ್ಬೇಕು ಅಂತ ಇಲ್ಲ, ಹನಿ ಪೈಪ್ ಹಿಡ್ಕೊಂಡು ಹರ್ದು ಬೇರೆ ಕಡೆ ಬೀಳ್ತದೆ, ಹಾಗಾಗಿ ಕಲೆಯಿಂದ ಶುರು ಮಾಡಿ ಟಾರ್ಚ್ ಹಿಡಿದು ಮೇಲೆ ಮೇಲೆ ಹೋಗಿ, ಒದ್ದೆ ಇರುವ ಅತೀ ಎತ್ತರದ ಜಾಗ ಯಾವುದೋ ಅದೇ ಮೂಲ. ಮತ್ತೆ ಲೀಕಲ್ಲಿ ಎರಡು ಜಾತಿ ಉಂಟು. ಒಂದು ತಣ್ಣಗಿರುವಾಗ ಮಾತ್ರ ಸೋರುವಂಥದ್ದು, ಇದು ಹೆಚ್ಚಾಗಿ ಹೋಸ್ ಪೈಪಿನ ಕ್ಲಿಪ್ ಹತ್ರ. ಬಿಸಿ ಆದಾಗ ಎಲ್ಲ ಹಿಗ್ಗಿ ಟೈಟ್ ಆಗ್ತದೆ, ರಾತ್ರಿ ತಣಿದಾಗ ಕುಗ್ಗಿ ಒಂದೊಂದೇ ಹನಿ, ಬೆಳಿಗ್ಗೆ ರಟ್ಟಲ್ಲಿ ಕಾಣ್ತದೆ. ಇನ್ನೊಂದು ಪ್ರೆಶರ್ ಬಂದಾಗ ಮಾತ್ರ ಸೋರುದು, ಬಿದ್ದ ಕೂಡ್ಲೇ ಬಿಸಿ ಇಂಜಿನ್ ಮೇಲೆ ಆವಿ ಆಗಿ ಹೋಗ್ತದೆ, ರಟ್ಟು ಒಣಗಿಯೇ ಇರ್ತದೆ. ಅದಕ್ಕೆ ಸಾಕ್ಷಿ ಅಂದ್ರೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ ಹಾಗೆ ಒಂದು ಗೆರೆ, ಮುಟ್ಟಿದ್ರೆ ಉದುರ್ತದೆ. ಆ ಗೆರೆ ಕಂಡಲ್ಲಿ ಮಾರ್ಕ್ ಹಾಕಿ ಇಡಿ.

ಹೋಸ್ ಪೈಪ್ ನೋಡುವಾಗ ಬರೀ ಕಣ್ಣು ಸಾಕಾಗುದಿಲ್ಲ, ಪೂರ್ತಿ ಉದ್ದಕ್ಕೂ ಹಿಂಡ್ತಾ ಬನ್ನಿ. ಕಲ್ಲಿನ ಹಾಗೆ ಗಟ್ಟಿಯೂ ಇರ್ಬಾರ್ದು, ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗೂ ಇರ್ಬಾರ್ದು, ಕ್ಲಿಪ್ ಹತ್ರ ಬಾಗಿಸಿದ್ರೆ ಬಿರುಕು ಬಾಯಿ ಬಿಡ್ತದೆ. ಕೆಳಗಿನ ಪೈಪ್ ಯಾರೂ ನೋಡುದಿಲ್ಲ, ಅದನ್ನೇ ಹೆಚ್ಚು ನೋಡಿ. ನಮ್ಮ ಉಪ್ಪು ಗಾಳಿಗೆ ಕ್ಲಿಪ್ ತುಕ್ಕು ಹಿಡಿದು ಅರ್ಧ ತುಂಡಾಗಿರ್ತದೆ, ಮಲ್ಪೆ ಪಣಂಬೂರು ಕಡೆಯ ಗಾಡಿಗಳಲ್ಲಂತೂ ಕೇಳುದೇ ಬೇಡ, ಸ್ಟೀಲ್ ಕ್ಲಿಪ್ ಹಾಕ್ಸಿ. ರೇಡಿಯೇಟರಲ್ಲಿ ಅಲ್ಯೂಮಿನಿಯಂ ಜಾಲರಿಗೂ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿಗೂ ಸೇರುವ ಮಡಿಕೆ ಇರ್ತದಲ್ಲ, ಹಳೇ ಗಾಡಿಗೆ ಅಲ್ಲೇ ಬಾಯಿ ಬಿಡುದು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಬಿಸಿಲು ಬಿಸಿ ತಿಂದು ಪೆಡಸಾಗಿದೆ, ಎಮ್‌ಸೀಲ್ ಹಚ್ಚಿ ಸಮಯ ಹಾಳು ಮಾಡ್ಬೇಡಿ, ಬದಲಾಯಿಸಿ.

ವಾಟರ್ ಪಂಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಯಾಕಂದ್ರೆ ಹೆಚ್ಚು ಜನ ಮಿಸ್ ಮಾಡುದು ಇದನ್ನೇ. ಪಂಪಿನ ಬಾಡಿಯಲ್ಲಿ ಪುಲ್ಲಿ ಹಿಂದೆ ಕೆಳಮುಖವಾಗಿ ಒಂದು ಸಣ್ಣ ತೂತು ಇರ್ತದೆ. ಅದು ಕಂಪನಿಯವರೇ ಕೊಟ್ಟದ್ದು, ಒಳಗಿನ ಸೀಲ್ ಹಾಳಾದ್ರೆ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಗೆ ಬರ್ಲಿ ಅಂತ. ಅಲ್ಲಿಗೆ ತಲೆ ಹೋಗುದಿಲ್ಲ, ಮೊಬೈಲ್ ಕೆಳಗಿಂದ ತೂರಿಸಿ ಫ್ಲ್ಯಾಶ್ ಹಾಕಿ ವಿಡಿಯೋ ಮಾಡಿ, ಆಮೇಲೆ ನಿಲ್ಸಿ ನಿಲ್ಸಿ ನೋಡಿ. ತೂತಿಂದ ಕೆಳಗೆ ಕಲೆ ಇಳ್ದಿದ್ರೆ, ಒದ್ದೆ ಇದ್ರೆ ಪಂಪ್ ಹೋಗಿದೆ ಅಂತಲೇ ಲೆಕ್ಕ. ಆ ತೂತನ್ನು ಮುಚ್ಚಿಸ್ಲಿಕ್ಕೆ ಹೋಗ್ಬೇಡಿ, ಬೇರಿಂಗ್ ಜಾಮ್ ಆಗಿ ಬೆಲ್ಟ್ ತುಂಡಾಗ್ತದೆ. ಇಂಜಿನ್ ಆಫ್ ಮಾಡಿ ಬೆಲ್ಟ್ ಲೂಸ್ ಮಾಡಿ ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿ, ಆಟ ಇದ್ರೆ ಅದೂ ಅದೇ ಸೂಚನೆ. ಕೆಲವು ಗಾಡಿಯಲ್ಲಿ ಪಂಪನ್ನು ಟೈಮಿಂಗ್ ಬೆಲ್ಟೇ ತಿರುಗಿಸ್ತದೆ, ಅಂಥದ್ದರಲ್ಲಿ ಪಂಪ್ ಹಾಕುವಾಗ ಬೆಲ್ಟನ್ನೂ ಒಟ್ಟಿಗೆ ಹಾಕ್ಸಿ, ಲೇಬರ್ ಹೇಗೂ ಒಂದೇ.

ಇನ್ನು ಹೀಟರ್. ನಮ್ಮೂರಲ್ಲಿ ಹೀಟರ್ ಹಾಕುವವರು ಯಾರು ಅಂತ ಅದರ ಪೈಪಿನ ಕಡೆ ಯಾರೂ ನೋಡುದಿಲ್ಲ, ಆದ್ರೆ ಎಷ್ಟೋ ಗಾಡಿಯಲ್ಲಿ ಹಾಕಿದ್ರೂ ಬಿಟ್ರೂ ಆ ಎರಡು ಸಣ್ಣ ಪೈಪಲ್ಲಿ ಕೂಲೆಂಟ್ ಇರ್ತದೆ. ಒಳಗಿನ ಹೀಟರ್ ಕೋರ್ ಲೀಕ್ ಆದ್ರೆ ಮುಂದಿನ ಮ್ಯಾಟ್ ಅಡಿ ಅಂಟಂಟು ಒದ್ದೆ, ಗಾಜಿಗೆ ಒಳಗಿಂದ ಎಣ್ಣೆ ತರ ಮಂಜು. ಮಳೆನೀರು ಬಂದು ಒದ್ದೆ ಆದ್ರೆ ಅಂಟುದಿಲ್ಲ, ಅದೇ ವ್ಯತ್ಯಾಸ. ಕೆಲವು ಮೆಕ್ಯಾನಿಕ್‌ಗಳು ಎರಡೂ ಪೈಪ್ ಜೋಡಿಸಿ ಹೀಟರ್ ಬೈಪಾಸ್ ಮಾಡಿ ಕೊಡ್ತಾರೆ, ಸದ್ಯಕ್ಕೆ ಸರಿ, ಪರ್ಮನೆಂಟ್ ಆಗಿ ನನಗೆ ಇಷ್ಟ ಇಲ್ಲ, ಯಾಕೆ ಅಂತ ಘಾಟಿ ವಿಷಯ ಬರುವಾಗ ಹೇಳ್ತೇನೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆದ ಮೇಲೆ ಬಾಯಿ ಬಿಟ್ಟು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಹೌಸಿಂಗ್ ಗ್ಯಾಸ್ಕೆಟ್, ಇಂಜಿನ್ ಬ್ಲಾಕಿನ ಬದಿಯಲ್ಲಿರುವ ಬಟ್ಟಲಿನ ಹಾಗಿನ ಡಮ್ಮಿ ಪ್ಲಗ್, ರೇಡಿಯೇಟರ್ ಕೆಳಗಿನ ಡ್ರೈನ್ ಪ್ಲಗ್, ಇವನ್ನೂ ಒಮ್ಮೆ ಟಾರ್ಚ್ ಹಾಕಿ ನೋಡಿ ಬಿಡಿ.

ತಣ್ಣಗೆ ನೋಡಿ ಆದ ಮೇಲೆ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ, ಫ್ಯಾನ್ ತಿರುಗುವವರೆಗೆ ಬಿಟ್ಟು ದೂರದಿಂದ ಟಾರ್ಚಲ್ಲಿ ನೋಡಿ. ಲುಂಗಿ, ಶಾಲು, ಸಡಿಲ ತೋಳು ಬೆಲ್ಟ್ ಹತ್ರ ಬೇಡ. ಫ್ಯಾನ್ ಯಾವಾಗ ಬೇಕಾದ್ರೂ ಸ್ಟಾರ್ಟ್ ಆಗ್ತದೆ, ಕೆಲವು ಗಾಡಿಯಲ್ಲಿ ಚಾವಿ ತೆಗೆದ ಮೇಲೂ, ಕೈ ಹಾಕ್ಬೇಡಿ. ಇಷ್ಟರಲ್ಲೂ ಸಿಕ್ಕದಿದ್ರೆ ರೇಡಿಯೇಟರ್ ಕೆಲಸ ಮಾಡುವವರ ಹತ್ರ ಪ್ರೆಶರ್ ಟೆಸ್ಟ್ ಮಾಡ್ಸಿ. ಕ್ಯಾಪಿನ ಜಾಗಕ್ಕೆ ಗೇಜ್ ಇರುವ ಕೈಪಂಪ್ ಕೂರಿಸಿ ಇಂಜಿನ್ ತಣ್ಣಗಿರುವಾಗಲೇ ಕ್ಯಾಪಲ್ಲಿ ಬರೆದಷ್ಟು ಪ್ರೆಶರ್ ಕೊಡ್ತಾರೆ, ಜಾಸ್ತಿ ಕೊಡ್ಲಿಕ್ಕಿಲ್ಲ, ಮುಳ್ಳು ಇಳ್ದ್ರೆ ಲೀಕ್ ಉಂಟು, ಮತ್ತೆ ಎಲ್ಲಿ ಅಂತ ಕಣ್ಣಿಗೇ ಕಾಣ್ತದೆ. ಅದೇ ಪಂಪಲ್ಲಿ ಕ್ಯಾಪನ್ನೂ ಟೆಸ್ಟ್ ಮಾಡ್ಬಹುದು. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ರೆ ಪ್ರೆಶರ್ ನಿಲ್ಲುದಿಲ್ಲ, ಕೂಲೆಂಟ್ ಬೇಗ ಕುದ್ದು ಡಬ್ಬಿಗೆ ಉಕ್ಕಿ ಹೊರಗೆ ಹೋಗ್ತದೆ, ಎಲ್ಲೂ ಲೀಕ್ ಕಾಣುದಿಲ್ಲ. ಇಡೀ ಸಿಸ್ಟಮಲ್ಲಿ ಅತೀ ಚೀಪ್ ಸಾಮಾನು ಇದು, ಸಂಶಯ ಇದ್ರೆ ಅದೇ ನಂಬರಿನ ಹೊಸದು ಹಾಕಿ.

ಹೊರಗೆಲ್ಲೂ ಇಲ್ಲ, ಕ್ಯಾಪೂ ಸರಿ ಉಂಟು, ಆದ್ರೂ ನೀರು ಹೋಗ್ತದೆ ಅಂದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದ್ರೆ ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್ ಮೇಲೆ, ಸಂಶಯ ಪಡಿ. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದ್ರೆ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬರ್ತಾ ಇರ್ತದೆ, ಅಥವಾ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ ಇಂಜಿನ್ ಇನ್ನೂ ಬಿಸಿ ಆಗುವ ಮೊದ್ಲೇ ಮೇಲಿನ ಹೋಸ್ ಗಟ್ಟಿ ಆಗ್ತದೆ, ಸೈಲೆನ್ಸರಲ್ಲಿ ಬಿಳಿ ಹೊಗೆ ಬಿಸಿ ಆದ ಮೇಲೂ ನಿಲ್ಲುದಿಲ್ಲ, ಆಯಿಲ್ ಡಿಪ್‌ಸ್ಟಿಕಲ್ಲಿ ಹಾಲು ಹಾಕಿದ ಚಾ ಬಣ್ಣ. ಇಲ್ಲೊಂದು ಎಚ್ಚರ, ಮಳೆಗಾಲದಲ್ಲಿ ಬರೀ ಪೇಟೆಗೆ ಹೋಗಿ ಬರುವ ಗಾಡಿಯಲ್ಲಿ ಆಯಿಲ್ ಕ್ಯಾಪಿನ ಅಡಿಗೆ ಬಿಳಿ ಕೆನೆ ಕಟ್ಟುದು ಸಾಮಾನ್ಯ, ಅದು ಪಸೆ. ಅದನ್ನೊಂದೇ ತೋರಿಸಿ ಹೆಡ್ ಬಿಚ್ಚುವ ಅಂತ ಯಾರಾದ್ರೂ ಹೇಳಿದ್ರೆ ಒಪ್ಬೇಡಿ, ನೀಲಿ ದ್ರವದ ಟೆಸ್ಟ್ ಕೇಳಿ, ರೇಡಿಯೇಟರಿಗೆ ಇಂಜಿನ್ ಗ್ಯಾಸ್ ಬರ್ತಾ ಇದ್ರೆ ಆ ನೀಲಿ ಹಳದಿಗೆ ತಿರುಗ್ತದೆ. ಹೆಡ್ ಬಿಚ್ಚಿದ್ರೆ ಲೇತಲ್ಲಿ ಫೇಸಿಂಗ್ (ಅಡಿಯನ್ನು ಉಜ್ಜಿ ಸಮ ಮಾಡುದು) ಬೇಕಾ ಅಂತ ಚೆಕ್ ಮಾಡ್ಸದೆ ಹೊಸ ಗ್ಯಾಸ್ಕೆಟ್ ಕೂರಿಸ್ಲಿಕ್ಕೆ ಬಿಡ್ಬೇಡಿ, ಸೊಟ್ಟ ಹೆಡ್ಡಿಗೆ ಎಷ್ಟು ಗ್ಯಾಸ್ಕೆಟ್ ಹಾಕಿದ್ರೂ ನಿಲ್ಲುದಿಲ್ಲ.

ನೀರು ಕಮ್ಮಿಯೇ ಆಗುದಿಲ್ಲ, ಆದ್ರೆ ಬಿಸಿ ಆಗ್ತದೆ ಅಂದ್ರೆ ಲೀಕ್ ಅಲ್ಲ. ಟ್ರಾಫಿಕ್ ಬ್ಲಾಕಲ್ಲಿ ಮಾತ್ರ ಬಿಸಿ, ಹೈವೇಯಲ್ಲಿ ಸರಿ ಅಂದ್ರೆ ಫ್ಯಾನ್, ಅದರ ಫ್ಯೂಸ್, ರಿಲೇ, ಸ್ವಿಚ್. ಹೈವೇಯಲ್ಲೂ ಏರ್ತದೆ ಅಂದ್ರೆ ರೇಡಿಯೇಟರ್ ಒಳಗೆ ಕಟ್ಟಿದೆ, ಇಲ್ಲ ಥರ್ಮೋಸ್ಟಾಟ್ ಬಾಯಿ ಬಿಡ್ತಾ ಇಲ್ಲ. ಥರ್ಮೋಸ್ಟಾಟ್ ತೆಗ್ದೇ ಬಿಸಾಡುವ ಅಭ್ಯಾಸ ನಮ್ಮಲ್ಲಿ ಉಂಟು, ಇಂಜಿನ್ ಸರಿಯಾದ ಬಿಸಿಗೆ ಬಾರದೆ ಪೆಟ್ರೋಲ್ ಜಾಸ್ತಿ ಕುಡೀತದೆ, ಹೊಸದು ಹಾಕ್ಸಿ.

ಶಿರಾಡಿಯಲ್ಲೋ ಆಗುಂಬೆಯ ತಿರುವಲ್ಲೋ ಟೆಂಪರೇಚರ್ ಮುಳ್ಳು ಏರ್ಲಿಕ್ಕೆ ಶುರು ಆದ್ರೆ ಎಸಿ ಆಫ್, ಹೀಟರ್ ಫುಲ್, ಅದರ ಬ್ಲೋವರೂ ಫುಲ್, ಗ್ಲಾಸ್ ಇಳಿಸಿ, ಅಗಲ ಜಾಗ ಸಿಕ್ಕಿದ ಕೂಡ್ಲೇ ನಿಲ್ಸಿ. ಹೀಟರ್ ಕೋರ್ ಅಂದ್ರೆ ಇನ್ನೊಂದು ಸಣ್ಣ ರೇಡಿಯೇಟರೇ, ಬೈಪಾಸ್ ಬೇಡ ಅಂದದ್ದು ಇದಕ್ಕೇ. ಮುಳ್ಳು ಮೇಲಿದ್ದದ್ದು ಒಮ್ಮೆಲೇ ಕೆಳಗೆ ಬಂದ್ರೆ ಖುಷಿ ಪಡ್ಬೇಡಿ, ನೀರು ಸೆನ್ಸರಿಗಿಂತ ಕೆಳಗೆ ಹೋಗಿ ಅದು ಬರೀ ಆವಿಯಲ್ಲಿ ನಿಂತಿರ್ಬಹುದು, ಕೂಡ್ಲೇ ಇಂಜಿನ್ ಆಫ್. ಸುಡುವ ಇಂಜಿನಿಗೆ ತಣ್ಣೀರು ಹೊಯ್ಯಬೇಡಿ, ಹೆಡ್ ಬಿರುಕು ಬಿಡ್ತದೆ. ದಾರಿಯಲ್ಲಿ ರೇಡಿಯೇಟರಿಗೆ ಅರಶಿನ ಹುಡಿ ಹಾಕುವ ಉಪಾಯ ಎಲ್ಲರಿಗೂ ಗೊತ್ತುಂಟು, ಸಣ್ಣ ತೂತು ಸ್ವಲ್ಪ ಹೊತ್ತು ನಿಲ್ತದೆ ಕೂಡ, ಆದ್ರೆ ಅದು ಮನೆ ಮುಟ್ಲಿಕ್ಕೆ ಮಾತ್ರ, ಮನೆಗೆ ಬಂದ ಮೇಲೆ ಫ್ಲಶ್ ಮಾಡ್ಸದಿದ್ರೆ ಹೀಟರ್ ಕೋರೂ ರೇಡಿಯೇಟರ್ ಸಪೂರ ನಾಳವೂ ಕಟ್ತದೆ. ಸ್ಟಾಪ್‌ಲೀಕ್ ಅಂತ ಅಂಗಡಿಯಲ್ಲಿ ಸಿಗುವ ಲೀಕ್ ಮುಚ್ಚುವ ಬಾಟ್ಲಿಗೂ ಇದೇ ಮಾತು.

ರಿಪೇರಿ ಆದ ಮೇಲೆ ತುಂಬಿಸುವಾಗ ಬೋರ್‌ವೆಲ್ ನೀರು ಬೇಡ, ಸಮುದ್ರದ ಹತ್ತಿರದ ಬಾವಿಯ ಉಪ್ಪುನೀರಂತೂ ಬೇಡವೇ ಬೇಡ, ಅಲ್ಯೂಮಿನಿಯಂ ತೂತು ಬೀಳ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ, ರೆಡಿ ಮಿಕ್ಸ್ ತಂದ್ರೆ ಹಾಗೇ ಹಾಕಿ. ಹೀಟರ್ ಫುಲ್ ಇಟ್ಟು ಮೆಲ್ಲ ಹೊಯ್ಯಿರಿ, ಇಂಜಿನ್ ಆಫ್ ಇರುವಾಗ ಮೇಲಿನ ಹೋಸ್ ಹಿಂಡಿ ಹಿಂಡಿ ಗಾಳಿ ತೆಗೀರಿ, ಗುಳ್ಳೆ ನಿಂತ ಮೇಲೆ ಕ್ಯಾಪ್. ಮರುದಿನ ತಣ್ಣಗಿರುವಾಗ ಮತ್ತೆ ಲೆವೆಲ್ ನೋಡಿ, ಉಳಿದ ಗಾಳಿ ಹೋಗಿ ಒಮ್ಮೆ ಚೂರು ಇಳಿಯುದು ಸಹಜ, ತುಂಬಿಸಿ ಹೊಸ ಗೆರೆ ಹಾಕಿ, ಆಮೇಲೂ ಇಳಿದ್ರೆ ಮತ್ತೆ ರಟ್ಟು ಹಾಸಿ. ತೆಗೆದ ಹಳೇ ಕೂಲೆಂಟನ್ನು ಅಂಗಳದ ಚರಂಡಿಗೋ ತೆಂಗಿನ ಬುಡಕ್ಕೋ ಚೆಲ್ಬೇಡಿ, ಬಾವಿ ಅಲ್ಲೇ ಇರ್ತದೆ, ಕ್ಯಾನಿಗೆ ತುಂಬಿಸಿ ಮುಚ್ಚಳ ಹಾಕಿ ಗ್ಯಾರೇಜಲ್ಲಿ ವೇಸ್ಟ್ ಆಯಿಲ್ ತಗೊಳ್ಳುವವರ ಹತ್ರ ಕೇಳಿ ಕೊಡಿ, ಆಯಿಲ್ ಜೊತೆ ಮಿಕ್ಸ್ ಮಾಡದೆ ಬೇರೆಯೇ ಕೊಡಿ.