ಎಣ್ಣೆ ಹೊಡೆಯುವವರಿಗೆ ಸುರಕ್ಷತೆಯ ತರಬೇತಿ: ಭಾಷಣ ಬಿಡಿ, ನೀಲಿ ತನ್ನಿ

ಹಾವೇರಿ ಸೀಮೆಯ ಒಂದೂರಿನ ಸಮುದಾಯ ಭವನ, ಬೆಳಿಗ್ಗೆ 11 ಗಂಟೆ. ಕ್ರಿಮಿನಾಶಕಗಳ ಸುರಕ್ಷಿತ ಬಳಕೆಯ ತರಬೇತಿ. ಬ್ಯಾನರ್, ಮೈಕು, ಶಾಲು, ಉಪ್ಪಿಟ್ಟು ಯಾವುದಕ್ಕೂ ಕೊರತೆಯಿರಲಿಲ್ಲ. ಈ ವರ್ಷ ಪಂಪು ಬೆನ್ನಿಗೇರಿಸಿದವರು ಕೈ ಎತ್ತಿ ಎಂದೆ. ಎರಡು ಕೈ ಮೇಲೆದ್ದವು. ಉಳಿದವರೆಲ್ಲ ಜಮೀನುದಾರರು. ನಿಜವಾಗಿ ಎಣ್ಣೆ, ಅಂದರೆ ಈ ಕ್ರಿಮಿನಾಶಕ, ಹೊಡೆಯುವ ಕೂಲಿಯವರು ಆ ಹೊತ್ತಿನಲ್ಲಿ ಹತ್ತಿ ಹೊಲದಲ್ಲಿ ಎಣ್ಣೆ ಹೊಡೆಯುತ್ತಿದ್ದರು.

ಇಂಥವನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಸಹಾಯ ಸಂಘದವರು, ಪಂಚಾಯಿತಿ ಸದಸ್ಯರು, ಹತ್ತಾಳು ಕರೆದು ಕೆಲಸ ಮಾಡಿಸುವ ರೈತರು, ಯಾರು ಬೇಕಾದರೂ ಈ ತರಬೇತಿ ನಡೆಸಬಹುದು.

1. ದಿನ, ಜಾಗ, ಜನ

ಸೋಮವಾರ ಎತ್ತು ಹೂಡದ ಊರಾದರೆ ಸೋಮವಾರ, ಇಲ್ಲವೇ ಅಮಾವಾಸ್ಯೆ. ಸಂಜೆ ನಾಲ್ಕೂವರೆ, ಹೊಲದ ಬದು. ಕೂಲಿ ಮುರಿದುಕೊಂಡು ಬಾ ಎಂದರೆ ಯಾರೂ ಬರುವುದಿಲ್ಲ, ಬರಲೂಬಾರದು. ಹೆಂಗಸರು ಬರುವ ತನಕ ಶುರು ಮಾಡಬೇಡಿ. ಬ್ಯಾರಲ್ಲಿಗೆ ನೀರು ಹೊರುವವರು, ಎಷ್ಟೋ ಕಡೆ ಎಣ್ಣೆ ಕಲಸುವವರು, ರಾತ್ರಿ ಆ ಅಂಗಿ ಒಗೆಯುವವರು ಅವರೇ.

2. ಹೆಸರು ಮತ್ತು ತ್ರಿಕೋನ

ನಮ್ಮ ಕಡೆ ಇದಕ್ಕೆ ‘ಎಣ್ಣೆ’, ಹಳೇ ಮೈಸೂರಿನ ಕಡೆ ‘ಔಷಧಿ’. ಎರಡೂ ಮೋಸದ ಹೆಸರುಗಳೇ. ತರಬೇತಿ ಮುಗಿಯುವವರೆಗೆ ನಾನು ‘ವಿಷ’ ಎಂದೇ ಹೇಳುತ್ತೇನೆ. ಡಬ್ಬಿಯ ಮೇಲಿನ ತ್ರಿಕೋನ ತೋರಿಸಿ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ತೀರ್ಥವಲ್ಲ. ಚೀಟಿಯ ಕನ್ನಡ ಇರುವೆ ಸಾಲಿನಷ್ಟು ಸಣ್ಣದು. ಮೊಬೈಲಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ ಓದುವುದನ್ನು ಹುಡುಗರಿಂದ ಮಾಡಿಸಿ. ಇಷ್ಟು ಸಾಕು, ಮುಂದೆ ಹೋಗಿ.

3. ನೀಲಿಯ ಪಾಠ

ಇಡೀ ತರಬೇತಿ ನಿಂತಿರುವುದೇ ಇದರ ಮೇಲೆ. ಜನ ಹಾಳು ಮಾಡುವುದೂ ಇದನ್ನೇ.

ಬೇಕಾದದ್ದು ಬಿಳಿ ಬಟ್ಟೆಗೆ ಹಾಕುವ ದ್ರವ ನೀಲಿ, ಹಳೆಯದೊಂದು ಬಿಳಿ ಅಂಗಿ, ಬಿಳಿ ಪೈಜಾಮ, ಕನ್ನಡಕ, ಮತ್ತು *ಒಮ್ಮೆಯೂ ವಿಷ ಕಾಣದ ಪಂಪು*. ಕೊನೆಯದನ್ನು ಇನ್ನೊಮ್ಮೆ ಓದಿಕೊಳ್ಳಿ. ಒಂದು ಕಡೆ ‘ಮೂರು ಸಲ ತೊಳೆದೀವ್ರೀ’ ಎಂದು ಹಳೇ ಪಂಪನ್ನೇ ತಂದಿದ್ದರು. ಮುಚ್ಚಳ ತೆಗೆದರೆ ಘಾಟು. ವಾಪಸ್ ಕಳಿಸಿದೆ. ಅಂಗಡಿಯವರಿಂದ ಒಂದು ದಿನಕ್ಕೆ ಹೊಸದನ್ನು ಕೇಳಿ ತನ್ನಿ. ಮಾರುವವರೂ ತರಬೇತಿಗೆ ಏರ್ಪಾಡು ಮಾಡಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ, ಸಂಕೋಚ ಬೇಡ.

ನೀಲಿ ಸಿಗಲಿಲ್ಲವೆಂದು ಅರಿಸಿನ, ಕುಂಕುಮ ಕದಡಬೇಡಿ. ನಾಜಲ್, ಅಂದರೆ ಪಂಪಿನ ಸಿಂಪಡಿಸುವ ಮೂತಿ, ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡಾಗ ತರಬೇತಿ ಕೊಡಲು ಬಂದಿದ್ದ ಸಾಹೇಬರೇ ನಾಜಲ್ ಬಿಚ್ಚಿ ಬಾಯಿಟ್ಟು ಉಫ್ ಎಂದು ಊದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ದಿನ ಜನ ಕಲಿತದ್ದು ಅದೊಂದನ್ನೇ. ನಾಜಲ್ ಕಟ್ಟಿದರೆ ಹಳೇ ಹಲ್ಲುಜ್ಜುವ ಬ್ರಷ್ಷು, ಇಲ್ಲವೇ ಹುಲ್ಲುಕಡ್ಡಿ.

ಪಂಪು ಹೊರಲು ಊರಲ್ಲಿ ಎಲ್ಲರಿಗಿಂತ ಹೆಚ್ಚು ವಿಷ ಹೊಡೆದವನನ್ನೇ ಆರಿಸಿ. ಅವನು ಖಂಡಿತ ಹೇಳುತ್ತಾನೆ: “ಇಪ್ಪತ್ತ್ ವರ್ಸಾತ್ರೀ ಹೊಡ್ಯಾಕ ಹತ್ತಿ, ನನಗೇನೂ ಆಗಿಲ್ಲ.” ವಾದಕ್ಕೆ ಇಳಿಯಬೇಡಿ. ಬಿಳಿ ಅಂಗಿ ತೊಡಿಸಿ, ಕನ್ನಡಕ ಹಾಕಿಸಿ, ಪಂಪಿಗೆ ನೀಲಿ ಕದಡಿದ ನೀರು ತುಂಬಿಸಿ, ‘ದಿನಾ ಹೆಂಗ ಹೊಡೀತಿ ಹಂಗ ಹೊಡಿ’ ಎಂದಷ್ಟೇ ಹೇಳಿ ಎದೆಮಟ್ಟದ ಹತ್ತಿಯಲ್ಲಿ ಎರಡು ಸಾಲು ನಡೆಸಿ. ಸಲಹೆ ಕೊಡಲೇಬೇಡಿ; ತಪ್ಪುಗಳೆಲ್ಲ ಆಗಲಿ.

ವಾಪಸ್ ಬಂದ ಮೇಲೆ ಅವನನ್ನು ನಡುವೆ ನಿಲ್ಲಿಸಿ, ನೀವು ಬಾಯಿ ಮುಚ್ಚಿ. ಜನರೇ ಓದಲಿ. ತೊಡೆಯೆಲ್ಲ ನೀಲಿ: ಹೊಡೆದ ಸಾಲಿನೊಳಕ್ಕೇ ತಾನು ನಡೆದದ್ದು. ಬೆನ್ನ ಮೇಲೆ ಅಂಗೈ ಅಗಲದ ಕಲೆ: ಮುಚ್ಚಳದ ವಾಷರ್ ಸೋರಿದ್ದು. ಎದೆ, ಕುತ್ತಿಗೆಯ ಮೇಲೆ ಚುಕ್ಕಿ: ಗಾಳಿಗೆ ಎದುರಾಗಿ ಹೊಡೆದದ್ದು. ಈಗ ತಂಬಾಕು, ಸುಣ್ಣ ಕೊಡಿ. ಎಡ ಅಂಗೈಯಲ್ಲಿಟ್ಟು ಬಲ ಹೆಬ್ಬೆರಳಲ್ಲಿ ತಿಕ್ಕುತ್ತಾನೆ, ಸುಣ್ಣ ನೀಲಿಯಾಗುತ್ತದೆ. ಬಾಯಿಗೆ ಹೋಗುವ ಮೊದಲು ಕೈ ಹಿಡಿದು ಆ ಅಂಗೈಯನ್ನು ಎಲ್ಲರಿಗೂ ತೋರಿಸಿ. ಒಂದು ಗಂಟೆಯ ಭಾಷಣಕ್ಕೂ ಮಾಡಲಾಗದ ಕೆಲಸ ಅದು. ವಿಷ ಮೂಗಿನಿಂದ ಮಾತ್ರ ಒಳಗೆ ಹೋಗುತ್ತದೆ ಎಂದು ನಂಬಿ ಮುಖಕ್ಕೆ ಟವೆಲ್ ಸುತ್ತುವವರಿಗೆ, ಹೆಚ್ಚಿನ ಪಾಲು ಚರ್ಮದಿಂದಲೇ ಇಳಿಯುತ್ತದೆ ಎಂಬುದು ಆಗ ತಲೆಗೆ ಹೋಗುತ್ತದೆ. ಒದ್ದೆಯಾದ ಟವೆಲ್ಲಂತೂ ವಿಷವನ್ನು ಮೂಗಿಗೇ ಒತ್ತಿ ಹಿಡಿಯುತ್ತದೆ.

ಎರಡನೇ ಸುತ್ತಿಗೆ ಇನ್ನೊಬ್ಬ. ಹೊಸ ವಾಷರ್, ಗಾಳಿ ಬೆನ್ನಿಗೆ, ಹೊಡೆದ ಸಾಲನ್ನು ಪಕ್ಕಕ್ಕೆ ಬಿಟ್ಟು ನಡಿಗೆ. ಎರಡೂ ಅಂಗಿಗಳನ್ನು ಬೇಲಿಗೆ ನೇತುಹಾಕಿ, ತರಬೇತಿ ಮುಗಿಯುವ ತನಕ ಅಲ್ಲೇ ಇರಲಿ.

ಬೆಳೆ ತಲೆಮಟ್ಟ ದಾಟಿದ್ದರೆ ಕೈಪಂಪಿನಲ್ಲಿ ಹೊಡೆಯಲೇಬಾರದು ಎನ್ನುವುದು ನನ್ನ ಹಟ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಗಿಡ ಆಳೆತ್ತರ ಬೆಳೆದು, ಹೊಡೆದದ್ದು ಮುಖದ ಮೇಲೇ ಬೀಳುತ್ತಿತ್ತು.

4. ಕೈಗವಸು, ಮಾಸ್ಕು

ಅಂಗಡಿಯಲ್ಲಿ ಪುಕ್ಕಟೆ ಸಿಗುವ ‘ಸುರಕ್ಷಾ ಕಿಟ್’ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಮದುವೆ ಮನೆಯಲ್ಲಿ ಬಡಿಸುವವರು ತೊಡುವಂಥ ಪ್ಲಾಸ್ಟಿಕ್ ಗವಸು, ಸ್ಪಂಜಿನ ಮಾಸ್ಕು. ಕೊರೊನಾ ಕಾಲದ ನೀಲಿ ಮಾಸ್ಕು ಆವಿಯನ್ನು ತಡೆಯುವುದಿಲ್ಲ. ಬಟ್ಟೆಯ ಗವಸು ವಿಷ ಹೀರಿ ಚರ್ಮಕ್ಕೆ ಅಂಟಿ ಕೂರುತ್ತದೆ, ಅದಕ್ಕಿಂತ ಬರಿಗೈಯೇ ವಾಸಿ. ದುಡ್ಡಿದ್ದರೆ ಮೊದಲು ಉದ್ದನೆಯ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗವಸು ಕೊಳ್ಳಿ, ಉಳಿದದ್ದು ಆಮೇಲೆ.

ತೊಡುವುದಕ್ಕೂ ಕ್ರಮವಿದೆ. ಕೆಳಮುಖವಾಗಿ ಹೊಡೆಯುವಾಗ ಅಂಗಿಯ ತೋಳು ಗವಸಿನ *ಮೇಲೆ*. ಮೇಲ್ಮುಖವಾಗಿ ಹೊಡೆಯುವಾಗ ತೋಳು ಗವಸಿನ *ಒಳಗೆ*. ತಿರುಗುಮುರುಗಾದರೆ ಗವಸು ವಿಷ ತುಂಬಿದ ಚೀಲವಾಗುತ್ತದೆ. ಬಿಚ್ಚುವ ಮೊದಲು ಗವಸು ಹಾಕಿದ ಕೈಗಳನ್ನೇ ಸೋಪು ಹಚ್ಚಿ ತೊಳೆಯಬೇಕು. ಹತ್ತರಲ್ಲಿ ಒಂಬತ್ತು ಮಂದಿ ಮೊದಲು ಹಲ್ಲಿನಿಂದ ಗವಸು ಎಳೆಯುತ್ತಾರೆ; ತೊಳೆದು ಬಿಚ್ಚುವುದನ್ನು ಎಲ್ಲರಿಂದಲೂ ನೀಲಿ ಹತ್ತಿದ ಗವಸಿನಲ್ಲೇ ಎರಡೆರಡು ಸಲ ಮಾಡಿಸಿ.

5. ಅಂಗಿ ಒಗೆತ

ಬೇಲಿಯ ಮೇಲಿನ ಮೊದಲ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ, ಒಬ್ಬರು ಅಕ್ಕನಿಗೆ ದಿನದಂತೆ ಒಗೆಯಲು ಹೇಳಿ. ಒಂದೂರಿನಲ್ಲಿ ಒಗೆದ ಅಕ್ಕ ಮೊಣಕೈವರೆಗೆ ನೀಲಿಯಾದ ಕೈ ನೋಡಿಕೊಂಡು, “ಇದ ನೀರಾಗ ಕೂಸಿನ ಅರಿವಿನೂ ಹಾಕ್ತಿದ್ನೆಲ್ರೀ” ಎಂದರು. ನಾನು ಸೇರಿಸಿದ್ದು ಮೂರೇ ಮಾತು: ಬೇರೆ ಬಕೆಟ್ಟು, ಗವಸು, ದನ ಕುಡಿಯುವ ತೊಟ್ಟಿಯಿಂದ ದೂರ.

6. ಖಾಲಿ ಡಬ್ಬಿ

ಕಾಲುಭಾಗ ನೀರು, ಮುಚ್ಚಿ ಅಲ್ಲಾಡಿಸಿ, ಪಂಪಿಗೇ ಸುರಿಯಿರಿ. ಹೀಗೆ ಮೂರು ಸಲ. ಆಮೇಲೆ ತಳಕ್ಕೆ ತೂತು ಹೊಡೆಯಿರಿ, ಯಾರೂ ಕಾಳು-ಕಡಿ ತುಂಬದಂತೆ.

7. ತಲೆ ಸುತ್ತಿ ಬಿದ್ದರೆ

ಜೊಲ್ಲು, ವಿಪರೀತ ಬೆವರು, ವಾಂತಿ, ಸಣ್ಣದಾದ ಕಣ್ಣಪಾಪೆ, ಸ್ನಾಯು ಅದುರುವುದು ಕಂಡರೆ ‘ಬಿಸಿಲು ಬಡಿದಿದೆ’ ಎಂದು ನೆರಳಿಗೆ ಹಾಕಿ ಕೂರಬೇಡಿ. ನೀವು ಗವಸು ಹಾಕಿಕೊಂಡು ಅವನ ಬಟ್ಟೆ ಬಿಚ್ಚಿ, ಸೋಪು ನೀರಲ್ಲಿ ಮೈ ತೊಳೆಯಿರಿ, ಎಡ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ. ಉಪ್ಪುನೀರು, ಹಾಲು, ಹುಣಸೆ ಹುಳಿ ಏನನ್ನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಚೀಲದಲ್ಲಿ ಹಾಕಿ ಜೊತೆಗೆ ಕಳಿಸಿ. ಎಲ್ಲ ವಿಷಕ್ಕೂ ಒಂದೇ ಮದ್ದಲ್ಲ, ಯಾವುದಕ್ಕೆ ಯಾವುದು ಎಂದು ಆ ಚೀಟಿಯಲ್ಲೇ ಇರುತ್ತದೆ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117. ಇದನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವುದು ದಂಡ. ಪಂಪ್‌ಹೌಸಿನ ಗೋಡೆಯ ಮೇಲೆ ಬರೆಸಿ.

8. ಎಂಟು ದಿನ ಬಿಟ್ಟು

ಬೆಳಿಗ್ಗೆ ಏಳಕ್ಕೆ ಹೊಲಕ್ಕೆ ಹೋಗಿ. ‘ಏನು ಕಲಿತಿರಿ’ ಎಂದು ಕೇಳಬೇಡಿ, ಬಾಯಿಪಾಠ ಒಪ್ಪಿಸುತ್ತಾರೆ. ಬದುವಿನ ಮೇಲೆ ಸೋಪು ಇದೆಯೇ, ಕಲಸಲು ಕೋಲು ಇದೆಯೇ ಇಲ್ಲ ಕೈಯೇ, ಪಂಪಿನ ಮುಚ್ಚಳದ ಸುತ್ತ ಒದ್ದೆ ಇದೆಯೇ, ಅಷ್ಟೇ ನೋಡಿ. ಹೋಗುವಾಗ ಜೇಬಿನಲ್ಲಿ ನಾಲ್ಕು ವಾಷರ್ ಇಟ್ಟುಕೊಂಡಿರಿ. ಸೋರುತ್ತಿದ್ದರೆ ಪಂಪು ಇಳಿಸಿ, ಅಲ್ಲೇ ಹಾಕಿಸಿಯೇ ಬನ್ನಿ.