ಗ್ರಾಫಿಕ್ಸ್ ಕಾರ್ಡ್ ತರುವ ಮೊದಲು ಸಿಪಿಯು ಡಬ್ಬ ಬಿಚ್ಚಿ

ಮಗಳಿಗೆ ಕಾಲೇಜಿನಲ್ಲಿ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದು) ಶುರುವಾಯಿತು, ಮಗನಿಗೆ ಗೇಮ್ ಆಡಬೇಕು. ಸರಿ, ಬೆಂಗಳೂರಿಗೆ ಹೋದವರು ಎಸ್‌ಪಿ ರೋಡಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಕೊಂಡು ರೈಲು ಹತ್ತುತ್ತಾರೆ. ಮೈಸೂರಿಗೆ ಬಂದು ನೋಡಿದರೆ ಕಾರ್ಡಿಗೆ ಕೊಡಲು ಪವರ್ ಕೇಬಲ್ಲೇ ಇಲ್ಲ! ಹೀಗೆ ತಲೆ ಮೇಲೆ ಕೈ ಹೊತ್ತು ಕೂತವರು ಒಬ್ಬಿಬ್ಬರಲ್ಲ.

ಮೊದಲು ಪ್ಲಗ್ ಕಿತ್ತು, ಡಬ್ಬದ ಪಕ್ಕದ ಮುಚ್ಚಳ ತೆಗೆಯಿರಿ. ಪ್ರೊಸೆಸರ್ ಫ್ಯಾನಿನ ಕೆಳಗೆ ಕಾರ್ಡ್ ಕೂರಿಸುವ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದ್ದರೆ ಸಾಕು.

ಆಮೇಲೆ ಟೇಪ್ ಹಿಡಿದು, ಹಿಂದಿನ ತಗಡಿನಿಂದ ಮುಂದಿನ ಹಾರ್ಡ್ ಡಿಸ್ಕ್ ಗೂಡಿನವರೆಗೆ ಅಳೆಯಿರಿ. ಕಾರ್ಡ್ ಅದಕ್ಕಿಂತ ಉದ್ದ ಇರಬಾರದು. ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ತೆಳು ಡಬ್ಬವಾದರೆ 'ಲೋ ಪ್ರೊಫೈಲ್' (ಗಿಡ್ಡನೆಯ) ಕಾರ್ಡ್ ಮಾತ್ರ ಹಿಡಿಸುತ್ತದೆ.

ಈಗ ಎಸ್‌ಎಂಪಿಎಸ್, ಅಂದರೆ ಡಬ್ಬದೊಳಗೆ ಎಲ್ಲಕ್ಕೂ ಕರೆಂಟ್ ಹಂಚುವ ಪೆಟ್ಟಿಗೆ. ಎಲ್ಲರೂ ಎಡವುವುದು ಇಲ್ಲೇ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದರ ಮೇಲೆ '450 ವ್ಯಾಟ್' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದನ್ನು ನಂಬಬೇಡಿ. ಸ್ಟಿಕ್ಕರಿನಲ್ಲಿ +12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪ್ ಇದೆ ನೋಡಿ, 12ರಿಂದ ಗುಣಿಸಿ. 16 ಆಂಪ್ ಇದ್ದರೆ 192 ವ್ಯಾಟ್, ಅಷ್ಟೇ. ಕಾರ್ಡಿನ ಜೊತೆ ಪ್ರೊಸೆಸರ್ರೂ ಅದರಲ್ಲೇ ಪಾಲು ಕೇಳುತ್ತದೆ. ಆರ್‌ಟಿಎಕ್ಸ್ 3060 ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ. ಅದಕ್ಕೇ ಆ ಕಾರ್ಡಿನ ಕಂಪನಿ ಎನ್‌ವಿಡಿಯಾ 550 ವ್ಯಾಟಿನ ಎಸ್‌ಎಂಪಿಎಸ್ ಹಾಕಿ ಅನ್ನುವುದು.

ಇನ್ನು ಕೇಬಲ್. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75 ಕೊಡುತ್ತದೆ, 8 ಪಿನ್‌ನದು 150. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಇವು ಇಲ್ಲದಿದ್ದರೆ ಅಂಗಡಿಯವರು ಒಂದು ಕನ್ವರ್ಟರ್ ಕೈಗಿಟ್ಟು 'ಏನೂ ಆಗಲ್ಲ ಸಾರ್' ಅನ್ನುತ್ತಾರೆ. ತಗೋಬೇಡಿ. ಕೇಬಲ್ಲೇ ಕೊಡದ ಎಸ್‌ಎಂಪಿಎಸ್ ಅಷ್ಟು ಕರೆಂಟ್ ಎಲ್ಲಿಂದ ತರುತ್ತದೆ? ಅದನ್ನೇ ಬದಲಾಯಿಸಿ. ಪದೇ ಪದೇ ಕರೆಂಟ್ ಹೋಗುವ ಕಡೆ ಇದ್ದೀರಾ? ಹಾಗಾದರೆ ಯುಪಿಎಸ್ ಲೆಕ್ಕವೂ ಹಾಕಿ. ಮನೆಯ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್.

ಎಸ್‌ಎಂಪಿಎಸ್ ಬದಲಿಸಲು ದುಡ್ಡಿಲ್ಲವೇ? ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ತಗೊಳ್ಳಿ. ಅದಕ್ಕೆ 70 ವ್ಯಾಟ್ ಸಾಕು, ಸ್ಲಾಟಿನ ಕರೆಂಟಿನಲ್ಲೇ ಓಡುತ್ತದೆ. ಅದೇ ಹೆಸರಿನ 8 ಜಿಬಿ ಕಾರ್ಡಿಗೆ ಬೇರೆ ಕೇಬಲ್ ಬೇಕು, ಜೋಕೆ. ಕಡಿಮೆಗೆ ಸಿಗುತ್ತದೆ ಅಂತ ಜಿಟಿ 710 ಮಾತ್ರ ಬೇಡ್ವೇ ಬೇಡ. ಈಗಿನ ಎಷ್ಟೋ ಪ್ರೊಸೆಸರ್‌ಗಳ ಒಳಗಿರುವ ಗ್ರಾಫಿಕ್ಸೇ ಅದಕ್ಕಿಂತ ಚುರುಕು. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಕೂಡ ಹಳೇ ಬೋರ್ಡಿಗೆ ಒಗ್ಗುವುದಿಲ್ಲ. ಅದು ಬಳಸುವುದು ನಾಲ್ಕೇ ಲೇನ್ (ಸ್ಲಾಟಿನಲ್ಲಿ ಡೇಟಾ ಓಡಾಡುವ ದಾರಿ), ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ ಸೊರಗುತ್ತದೆ.

ಹಳೇ ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರನ್ನೂ ಜೊತೆಗೇ ತನ್ನಿ. ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ಕೇಬಲನ್ನು ಕಾರ್ಡಿಗೇ ಚುಚ್ಚಿ. ಮದರ್‌ಬೋರ್ಡಿಗೇ ಚುಚ್ಚಿಟ್ಟು 'ಕಾರ್ಡ್ ಕೆಲಸ ಮಾಡ್ತಿಲ್ಲ' ಅಂತ ವಾಪಸ್ ಕೊಡಲು ಹೊರಡುವವರೂ ಇದ್ದಾರೆ.