ಬಾಟಲಿಯಲ್ಲೊಂದು ಶ್ವಾಸಕೋಶ: ಮನೆಯಲ್ಲೇ ಮಾಡಿ ನೋಡಿ

ಕಳೆದ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆವು. ನಂದಿ ಹತ್ತಿರ ಬರುವಷ್ಟರಲ್ಲಿ ಎಲ್ಲರಿಗೂ ಏದುಸಿರು. ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಅಪ್ಪಾ, ಗಾಳಿ ಒಳಗೆ ಹೋಗೋದಕ್ಕೆ ಎದೆ ಉಬ್ಬುತ್ತಾ, ಇಲ್ಲಾ ಎದೆ ಉಬ್ಬೋದಕ್ಕೆ ಗಾಳಿ ಒಳಗೆ ಹೋಗುತ್ತಾ?’ ಅಂದಳು. ಎಂಥ ಒಳ್ಳೆಯ ಪ್ರಶ್ನೆ! ಮೊದಲನೆಯದೇ ಸರಿ ಅಂತ ದೊಡ್ಡವರಿಗೂ ಅನಿಸುತ್ತದೆ. ಸರಿಯಾದದ್ದು ಎರಡನೆಯದು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಾರೆ ತೋರಿಸಬೇಕು. ಅರ್ಧ ಗಂಟೆಯ ಕೆಲಸ.

ಒಂದು ಲೀಟರ್‌ನ ಕೂಲ್‌ಡ್ರಿಂಕ್ ಬಾಟಲಿ, ಎರಡು ಬಲೂನು, ಕತ್ತರಿ, ಸೆಲ್ಲೋಟೇಪು ಇದ್ದರೆ ಸಾಕು. ನೀರಿನ ಬಾಟಲಿ ಬೇಡ. ಅದು ತೀರಾ ತೆಳು, ಬಲೂನು ಉಬ್ಬುವ ಮೊದಲು ಬಾಟಲಿಯೇ ಒಳಕ್ಕೆ ಕುಗ್ಗಿಬಿಡುತ್ತದೆ. ನಮಗೆ ಮೊದಲ ಸಲ ಹಾಗೇ ಆಯಿತು.

ಮೊದಲು ಬಾಟಲಿಯ ತಳವನ್ನು ಕತ್ತರಿಸಿ ತೆಗೆಯಿರಿ. ಇದು ದೊಡ್ಡವರ ಕೆಲಸ. ಅಂಚು ಚೂಪಾಗಿರುತ್ತದೆ, ಅದರ ಸುತ್ತ ಟೇಪು ಸುತ್ತಿ. ಒಂದು ಬಲೂನನ್ನು ಬಾಟಲಿಯ ಬಾಯಿಂದ ಒಳಗೆ ಇಳಿಬಿಡಿ. ಅದರ ಬಾಯನ್ನು ಹಿಗ್ಗಿಸಿ ಬಾಟಲಿಯ ಕಂಠಕ್ಕೆ ಮಡಚಿ ಕೂರಿಸಿ. ಇನ್ನೊಂದು ಬಲೂನನ್ನು ಊದದೆ ಅದರ ಕುತ್ತಿಗೆಗೆ ಗಂಟು ಹಾಕಿ, ಆಮೇಲೆ ದುಂಡಗಿನ ತುದಿಯನ್ನು ಕತ್ತರಿಸಿ. ಉಳಿದ ಭಾಗವನ್ನು ಬಾಟಲಿಯ ತಳಕ್ಕೆ ಬಿಗಿಯಾಗಿ ಎಳೆದು ಹೊದಿಸಿ, ಗಂಟು ಹೊರಗಿರಲಿ. ಸುತ್ತಲೂ ಟೇಪು ಹಾಕಿ. ಎಲ್ಲೂ ಗಾಳಿ ಸೋರಬಾರದು. ಎಲ್ಲ ನಿಂತಿರುವುದು ಇದರ ಮೇಲೆ.

ಈಗ ಗಂಟು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಒಳಗಿನ ಬಲೂನು ತಾನಾಗಿ ಉಬ್ಬುತ್ತದೆ! ಯಾರೂ ಊದಲಿಲ್ಲ, ಅಲ್ವಾ? ಗಂಟು ಎಳೆದಾಗ ಬಾಟಲಿಯೊಳಗೆ ಜಾಗ ಜಾಸ್ತಿಯಾಯಿತು. ಅಲ್ಲಿದ್ದ ಗಾಳಿ ಅಷ್ಟೇ ಇದೆ, ಹಾಗಾಗಿ ಅದರ ಒತ್ತಡ ಇಳಿಯಿತು. ಹೊರಗಿನ ಗಾಳಿ ಬಲೂನಿಗೆ ನುಗ್ಗಿತು. ಕುಲುಮೆಯ ತಿದಿ ಗಾಳಿ ಎಳೆದುಕೊಳ್ಳುವುದೂ ಹೀಗೇ.

ನಮ್ಮ ಶ್ವಾಸಕೋಶಕ್ಕೆ ತಾನೇ ಹಿಗ್ಗುವ ಶಕ್ತಿ ಇಲ್ಲ. ಅದನ್ನು ಹಿಗ್ಗಿಸುವುದು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮತ್ತು ಎದೆ-ಹೊಟ್ಟೆಗಳ ನಡುವೆ ಇರುವ ವಪೆ. ಕೆಳಗಿನ ಬಲೂನು ವಪೆಯ ಹಾಗೆ. ಒಂದು ವ್ಯತ್ಯಾಸವಿದೆ: ನಿಜವಾದ ವಪೆ ಬೋರಲು ಹಾಕಿದ ಬಾಣಲೆಯಂತೆ ಮೇಲಕ್ಕೆ ಉಬ್ಬಿರುತ್ತದೆ, ಉಸಿರೆಳೆದಾಗ ಚಪ್ಪಟೆಯಾಗುತ್ತದೆ. ಅದು ತಟ್ಟನೆ ಎಳೆದುಕೊಂಡರೆ ಬಿಕ್ಕಳಿಕೆ.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಮರೆಯದೆ ಹೇಳಿ. ಶ್ವಾಸಕೋಶ ಬಲೂನಿನಂತೆ ಟೊಳ್ಳಲ್ಲ, ಸ್ಪಂಜಿನಂತೆ. ಶ್ವಾಸನಾಳ ಎರಡಾಗಿ, ಆ ಎರಡು ನಾಲ್ಕಾಗಿ, ಹೀಗೆ 20ಕ್ಕೂ ಹೆಚ್ಚು ಸಲ ಕವಲೊಡೆಯುತ್ತದೆ. ಕೊನೆಯಲ್ಲಿ ದ್ರಾಕ್ಷಿ ಗೊಂಚಲಿನಂಥ ಪುಟ್ಟ ಗಾಳಿಗೂಡುಗಳು, ಸುಮಾರು 30ರಿಂದ 50 ಕೋಟಿ. ಎಲ್ಲವನ್ನೂ ಬಿಡಿಸಿ ಹಾಸಿದರೆ ಹತ್ತಿರ ಹತ್ತಿರ 70 ಚದರ ಮೀಟರ್, ಅಂದರೆ ನಮ್ಮ ಮೈಸೂರಿನ ಒಂದು 20×40 ಸೈಟು! ಅಷ್ಟೂ ಎದೆಗೂಡಿನೊಳಗೆ ಮಡಚಿ ಕೂತಿದೆ. ಈ ಗೂಡುಗಳ ತೆಳು ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಕ್ಕೆ ಬರುತ್ತದೆ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ 21, ಹೊರಬರುವಾಗ ಸುಮಾರು ಶೇ 16.

ಮುಂದಿನದು ನನಗೆ ತುಂಬಾ ಇಷ್ಟವಾದ ಹಂತ. ಕಾಯಿಸಿದ ದಬ್ಬಳದಿಂದ ಬಾಟಲಿಯ ಪಕ್ಕಕ್ಕೆ ಒಂದು ತೂತು ಮಾಡಿ, ಒಳಗಿನ ಬಲೂನಿಗೆ ತಾಗದಂತೆ. ಗಂಟು ಎಳೆಯಿರಿ. ಬಲೂನು ಸುಮ್ನೆ ಜೋತುಬಿದ್ದಿರುತ್ತದೆ. ತೂತಿಗೆ ಬೆರಳಿಟ್ಟು ಎಳೆಯಿರಿ, ಮತ್ತೆ ಉಬ್ಬುತ್ತದೆ. ಅಪಘಾತದಲ್ಲಿ ಎದೆಗೆ ಗಾಯವಾಗಿ ಗಾಳಿ ಹೊಕ್ಕರೆ ಶ್ವಾಸಕೋಶ ಕುಸಿಯುವುದು ಇದೇ ಕಾರಣಕ್ಕೆ. ಆಗ ಡಾಕ್ಟರು ಪಕ್ಕೆಲುಬುಗಳ ನಡುವೆ ಕೊಳವೆ ಹಾಕಿ ಆ ಗಾಳಿಯನ್ನು ಹೊರತೆಗೆಯುತ್ತಾರೆ. ಮಗಳು ಬೆರಳಿಡುವುದು, ತೆಗೆಯುವುದು, ಇದನ್ನೇ ಹತ್ತು ಸಲ ಮಾಡಿದಳು.

ಆಮೇಲೆ ಮೈಯಲ್ಲೇ ನೋಡಿ. ಮಲಗಿ ಹೊಟ್ಟೆಯ ಮೇಲೆ ಕೈಯಿಡಿ. ಉಸಿರೆಳೆದಾಗ ಹೊಟ್ಟೆ ಏಳುತ್ತದೆ, ವಪೆ ಕೆಳಗಿಳಿದು ಅದನ್ನು ತಳ್ಳುತ್ತಿದೆ. ಅಜ್ಜ ಪೇಪರ್ ಓದುತ್ತಾ ಕೂತಿರುವಾಗ ಅವರ ಉಸಿರನ್ನು ಒಂದು ನಿಮಿಷ ಎಣಿಸಲು ಮಕ್ಕಳಿಗೆ ಹೇಳಿ. ಅವರಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರಾಟ ಬದಲಾಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 12ರಿಂದ 20 ಬರುತ್ತದೆ. ಸಲಕ್ಕೆ ಅರ್ಧ ಲೀಟರ್‌ನಷ್ಟು ಗಾಳಿ.

ಮುಗಿದ ಮೇಲೆ ಬಲೂನಿನ ಚೂರುಗಳನ್ನು ಎಣಿಸಿ ಕಸಕ್ಕೆ ಹಾಕಿ. ಊಟ ಮಾಡುವಾಗ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಅಂತ ತಲೆ ತಟ್ಟುತ್ತೇವೆ. ಹತ್ತಿರುವುದು ನೆತ್ತಿಗಲ್ಲ, ಶ್ವಾಸನಾಳದ ಬಾಯಿಗೆ. ಅನ್ನದ ಅಗುಳಾದರೆ ಕೆಮ್ಮಿದಾಗ ಹೊರಬರುತ್ತದೆ. ರಬ್ಬರಿನ ಚೂರು ಮಾತ್ರ ಅಂಟಿಕೊಂಡು ದಾರಿಯನ್ನೇ ಮುಚ್ಚಬಹುದು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಸೋಫಾದ ಕೆಳಗೂ ಒಮ್ಮೆ ಬಗ್ಗಿ ನೋಡಿ.